ಮಾಸ್ತರರು ಮನಸ್ಸು ಮಾಡಿದರೆ ಎಕ್ಸ್‌ಪ್ರೆಸ್ ನಿಲ್ಲುತ್ತದೆಯೇ?

ಪ್ರಶ್ನೆ: ಮೊದಲು ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲುತ್ತಿದ್ದವು. ಈಗಿನ ಸ್ಟೇಷನ್ ಮಾಸ್ತರರು ಏಕೆ ನಿಲ್ಲಿಸುತ್ತಿಲ್ಲ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರಶ್ನೆಯಲ್ಲಿ ಭಾನಾಪುರದ ಬದಲು ಒಮ್ಮೊಮ್ಮೆ ಇದೇ ಮಾರ್ಗದ ಬನ್ನಿಕೊಪ್ಪದ ಹೆಸರು ಬರುತ್ತದೆ, ದೂರು ಮಾತ್ರ ಮಾಸ್ತರರ ಮೇಲೆಯೇ. ದಯವಿಟ್ಟು ಈ ಸಲ ಪೂರ್ತಿ ಓದಿ.

ಹಿಂದೆ ಗಾಡಿ ನಿಲ್ಲುತ್ತಿದ್ದದ್ದು ನಿಜ. ನಮಗಾಗಿ ನಿಲ್ಲುತ್ತಿತ್ತು ಎಂಬುದು ಸುಳ್ಳು. ಗದಗ–ಹೊಸಪೇಟೆ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜಿನಲ್ಲಿ ಹಾಕಿತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಅಗಲ ಹೆಚ್ಚಿದರೂ ಮಾರ್ಗ ಒಂಟಿಯಾಗಿಯೇ ಉಳಿಯಿತು. ಒಂಟಿ ಮಾರ್ಗದಲ್ಲಿ ಎದುರುಬದುರು ಬರುವ ಎರಡು ಗಾಡಿಗಳಲ್ಲಿ ಒಂದು ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಸರಿದು ಕಾಯಲೇಬೇಕು. ಇದೇ ಕ್ರಾಸಿಂಗ್. ಗಾಡಿ ಕಾಯುತ್ತ ನಿಂತಷ್ಟು ಹೊತ್ತು ನಮ್ಮ ಜನ ಇಳಿದರು, ಹತ್ತಿದರು, ಬೋಗಿಯ ಕಿಟಕಿಗೆ ಶೇಂಗಾ ಮಾರಿದರು. ಊರಿನ ನೆನಪಿನಲ್ಲಿ ಅದು ನಿಲುಗಡೆಯಾಗಿ ಉಳಿದುಬಿಟ್ಟಿತು. ವೇಳಾಪಟ್ಟಿಯಲ್ಲಿ ಆ ಗಾಡಿಯ ಸಾಲಿನಲ್ಲಿ ನಮ್ಮೂರಿನ ಹೆಸರು ನೋಡಿದ್ದಿರಾ ಎಂದು ಕೇಳಿದರೆ ಇದುವರೆಗೆ ಒಬ್ಬರೂ ಹೌದು ಎಂದಿಲ್ಲ.

ಈಗ ಹೊಸಪೇಟೆ–ಹುಬ್ಬಳ್ಳಿ ಜೋಡಿ ಮಾರ್ಗ. ಹೋಗುವ ಗಾಡಿಗೊಂದು, ಬರುವ ಗಾಡಿಗೊಂದು ಹಳಿ. ಎದುರು ಗಾಡಿಗಾಗಿ ಕಾಯುವ ಕೆಲಸವೇ ಇಲ್ಲದಾಗ ಎಕ್ಸ್‌ಪ್ರೆಸ್ ಏಕೆ ನಿಂತೀತು?

ಇನ್ನು ಮಾಸ್ತರರ ಅಧಿಕಾರದ ಮಾತು. ಅವರು ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ಪಡೆದು ಸಿಗ್ನಲ್ ಕೊಡುತ್ತಾರೆ. ಯಾವ ಗಾಡಿ ಮೊದಲು, ಯಾವುದು ನಂತರ ಎಂಬುದು ಗಾಡಿಗಳ ಓಡಾಟ ನಿಯಂತ್ರಿಸುವ ಕಂಟ್ರೋಲ್ ಕಚೇರಿಯ ತೀರ್ಮಾನ. ಅಪಾಯ ಕಂಡರೆ ಅವರು ಗಾಡಿ ತಡೆಯಬಲ್ಲರು, ತಡೆಯಲೂಬೇಕು. ನಾಲ್ಕು ಜನ ಹತ್ತಲಿ ಎಂದು ಕೆಂಪು ದೀಪ ಹಾಕಿದರೆ, ಆ ವಿಳಂಬ ರಿಜಿಸ್ಟರಿನಲ್ಲಿ ದಾಖಲಾಗಿ ಅವರೇ ಉತ್ತರ ಕೊಡಬೇಕಾಗುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ನಮ್ಮ ಗಾಡಿಗಳನ್ನು ಕ್ಷೇಮವಾಗಿ ದಾಟಿಸುವವರನ್ನು ಹೀಗೆ ಬೈಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ನಿಲುಗಡೆ ಕೊಡುವುದು ರೈಲ್ವೆ ಮಂಡಳಿ. ಮೊದಲು ಪ್ರಾಯೋಗಿಕವಾಗಿ ಕೊಟ್ಟು, ಟಿಕೆಟ್ ಮಾರಾಟ ನೋಡಿ ಮುಂದುವರಿಸುವುದು ರೂಢಿ. ನಾವೋ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಅಲ್ಲಿ ಟಿಕೆಟ್ ತೆಗೆಯುತ್ತೇವೆ. ಆ ಲೆಕ್ಕ ಕೊಪ್ಪಳಕ್ಕೇ ಸೇರುತ್ತದೆ. ಪ್ಯಾಸೆಂಜರಿಗೆ ಹೋಗುವಾಗಲಾದರೂ ನಮ್ಮ ನಿಲ್ದಾಣದಲ್ಲೇ ಟಿಕೆಟ್ ತೆಗೆಯಿರಿ, ಮನವಿ ಬರೆಯುವಾಗ ಆ ಅಂಕಿಗಳನ್ನು ಕೇಳಿ ಪಡೆದು ಸೇರಿಸಿ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. 1997–98ರಲ್ಲಿ ಮಂಜೂರಾದ ಹೊಸ ಮಾರ್ಗಕ್ಕೆ ಕಾಗದದಲ್ಲಿ ಮುನಿರಾಬಾದ್–ಮಹಬೂಬ್‌ನಗರ ಎಂದು ಹೆಸರು. ಆದರೆ ಅದು ಕವಲೊಡೆಯುವುದು ಗಿಣಿಗೇರಾದಲ್ಲಿ. ಅಲ್ಲಿಂದ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಹಳಿ ಬಂದಿದೆ. ಆ ಕಡೆ ಹೋಗುವವರು ಹೆಸರು ನಂಬಿ ಮುನಿರಾಬಾದಿನಲ್ಲಿ ಇಳಿಯಬೇಡಿ.