ಚಳ್ಳಕೆರೆ ಬಯಲಿನಲ್ಲಿ ಊರು ಎಲ್ಲಿ ನಿಂತಿತು, ಯಾಕೆ ನಿಂತಿತು

ಬೋರ್ ಪಾಯಿಂಟ್ ನೋಡಲು ಕರೆದರೆ ನಾನು ನೇರವಾಗಿ ಹೊಲಕ್ಕೆ ಹೋಗುವುದಿಲ್ಲ. ಊರಿನ ಹಳೇ ಬಾವಿ ಎಲ್ಲಿದೆ, ಕೆರೆ ಏರಿ ಯಾವ ಕಡೆ, ಹಳ್ಳ ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳುತ್ತೇನೆ. ಭೂಜಲದ ಕೆಲಸದಲ್ಲಿ ಉಪಕರಣ ಬೇಕೇ ಬೇಕು. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಬಯಲಿನಲ್ಲಿ ಜನ ಎಲ್ಲಿ ನೆಲೆ ನಿಂತರು ಅನ್ನುವುದನ್ನು ನೋಡಿದರೆ ನೀರಿನ ಬಗ್ಗೆ ಅರ್ಧ ವಿಷಯ ಗೊತ್ತಾಗುತ್ತದೆ.

ಇದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು. ವರ್ಷದ ಮಳೆ 500 ಮಿ.ಮೀ. ಆಸುಪಾಸು, ಎಷ್ಟೋ ವರ್ಷ ಅದೂ ಇಲ್ಲ. ಇದೇ ರಾಜ್ಯದ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಮುಂಗಾರಿನ ಮೋಡ ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಸುರಿದು, ಬರೀ ಗಾಳಿಯಾಗಿ ಇಲ್ಲಿಗೆ ಬರುತ್ತದೆ. ಆ ಗಾಳಿಗೆ ಎಂಥ ಜೋರಿದೆ ಅನ್ನುವುದು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಜೂನ್, ಜುಲೈನಲ್ಲಿ ಆಕಾಶ ತುಂಬ ಮೋಡ ಓಡುತ್ತದೆ, ಹನಿ ಬೀಳುವುದಿಲ್ಲ. ಇಲ್ಲಿನ ಒಳ್ಳೆ ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನದು. ಅದು ಕೆಲವೇ ದಿನ, ಕೆಲವೇ ಗಂಟೆಗಳಲ್ಲಿ ಬಿದ್ದು ಹೋಗುತ್ತದೆ. ಅಷ್ಟರಲ್ಲಿ ನಿಲ್ಲಿಸಿಕೊಂಡರೆ ಉಂಟು, ಇಲ್ಲದಿದ್ದರೆ ಹಳ್ಳ ಸೇರಿ ವೇದಾವತಿಗೆ ಹೋಯಿತು, ಅಲ್ಲಿಂದ ಆಂಧ್ರಕ್ಕೆ.

ಇನ್ನು ನೆಲದ ಒಳಗೆ. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಪುಡಿಯಾದ ಮೆತ್ತನೆಯ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ನೀರು ಕೂರುವುದು ಮುಖ್ಯವಾಗಿ ಆ ಮೆತ್ತನೆಯ ಪದರದಲ್ಲಿ. ಬಂಡೆಯಲ್ಲಿ ಬಿರುಕಿದ್ದ ಕಡೆ ಮಾತ್ರ ಸಿಗುತ್ತದೆ, ಅದೂ ಸ್ವಲ್ಪ. ಮೆತ್ತನೆಯ ಪದರ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ ದಪ್ಪ. ದಿಣ್ಣೆಯ ಮೇಲೆ ತೆಳು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಗುರುತಿಸಿದರು. ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಸಿಕ್ಕವು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಲಿಪಿಕಾರ ಅನ್ನುವ ಕೊನೆಯ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ಈ ಒಣ ಬಯಲಿನ ಬಂಡೆಯ ಮೇಲೆ ತನ್ನ ಗುರುತು ಬಿಟ್ಟಿರುವುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆದರೆ ಅಶೋಕನ ಕಾಲಕ್ಕೇ ಅದು ಹಳೇ ಊರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಒಂದರ ಕೆಳಗೊಂದು ಮೂರು ಕಾಲದ ಕುರುಹು ಸಿಕ್ಕವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯವರು, ಆಮೇಲೆ ಕಬ್ಬಿಣ ಬಳಸಿದ, ದೊಡ್ಡ ಕಲ್ಲುಗಳ ಗೋರಿ ಕಟ್ಟಿದವರು, ಅವರ ನಂತರ ಶಾತವಾಹನರ ಕಾಲದವರು. ಬದುಕಿನ ರೀತಿ ಬದಲಾದರೂ ಜಾಗ ಬದಲಾಗಲಿಲ್ಲ. ಯಾಕೆ? ಬೋಳು ಬಂಡೆಯ ಗುಡ್ಡದ ಮೇಲೆ ಬಿದ್ದ ಮಳೆ ಇಂಗದೆ ಬಹುಪಾಲು ಬುಡಕ್ಕೆ ಇಳಿಯುತ್ತದೆ. ಅಲ್ಲಿ ಮಣ್ಣೂ ಆಳ, ಮೆತ್ತನೆಯ ಕಲ್ಲೂ ದಪ್ಪ. ಸುತ್ತ ಹತ್ತು ಎಕರೆಗೆ ಬಿದ್ದ ಮಳೆ ಒಂದು ಎಕರೆಗೆ ಸಿಕ್ಕಿದರೆ ಆ ಒಂದು ಎಕರೆಯ ಮಟ್ಟಿಗೆ ಅದು ಒಣನಾಡಲ್ಲ, ಅಲ್ವಾ?

ಗುಡ್ಡದ ಬುಡ ಎಲ್ಲರಿಗೂ ಸಿಗುವುದಿಲ್ಲ. ಉಳಿದ ಬಯಲನ್ನು ಬಳಸಿದವರು ದನ, ಕುರಿ ಕಟ್ಟಿಕೊಂಡವರು. ಇದೂ ನಿನ್ನೆ ಮೊನ್ನೆಯದಲ್ಲ. ಪಕ್ಕದ ಬಳ್ಳಾರಿ ಸೀಮೆಯ ಕುಡತಿನಿಯಲ್ಲಿ ದಿಬ್ಬದಷ್ಟು ಬೂದಿ ಇದೆ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ದನ ಸಾಕಿದವರು ಸಗಣಿ ಸುಟ್ಟು ಉಳಿದ ಬೂದಿ ಅದು. ಇವತ್ತಿಗೂ ದನ ಸಾಕುವ ಸಮುದಾಯವಾದ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಕಿಲಾರಿಗಳು ಬರಗಾಲದಲ್ಲೂ ಅವನ್ನು ಮಾರುವುದಿಲ್ಲ. ಕಾಡುಗೊಲ್ಲರ ಹಟ್ಟಿಗಳಿವೆ, ಕುರುಬರ ಕುರಿ ರೊಪ್ಪಗಳಿವೆ, ಕಪ್ಪು ಉಣ್ಣೆಯ ಚಳ್ಳಕೆರೆ ಕಂಬಳಿ ಇದೆ. ಇಲ್ಲಿ ಮೇವು ಮುಗಿದಾಗ ಕುರಿ ಮಂದೆ ಪಶ್ಚಿಮಕ್ಕೆ, ನೀರಾವರಿ ಗದ್ದೆಗಳ ಕಡೆಗೆ ಹೋಗುತ್ತದೆ. ಅಲ್ಲಿನ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿಕೊಂಡು ದುಡ್ಡೋ ಕಾಳೋ ಕೊಡುತ್ತಾರೆ. ಮಳೆ ಬಂದರೆ ಮಂದೆ ವಾಪಸ್. ನೀರು ಮನೆಗೆ ಬರದಿದ್ದರೆ ಮನೆಯವರೇ ನೀರಿದ್ದ ಕಡೆ ಹೋಗುವ ಈ ಬದುಕನ್ನು ಹಿಂದುಳಿದದ್ದು ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಳೆ ಇಷ್ಟು ಏರುಪೇರಾಗುವ ನೆಲದಲ್ಲಿ ಇದಕ್ಕಿಂತ ಲೆಕ್ಕಾಚಾರದ ಬದುಕು ನನಗೆ ಕಂಡಿಲ್ಲ.

ಮೈಸೂರು ಅರಸರಿಗೂ ಇದು ಗೊತ್ತಿತ್ತು. ಅಮೃತಮಹಲ್ ತಳಿಯ ದನಗಳಿಗೆ ಅಂತ ಹುಲ್ಲುಗಾವಲುಗಳನ್ನು ಕಾವಲುಗಳಾಗಿ ಕಾಯ್ದಿಟ್ಟರು. ಆ ದನಗಳು ಹೈದರ್, ಟಿಪ್ಪು ಸೈನ್ಯದ ಫಿರಂಗಿಗಳನ್ನು ಎಳೆದವು. ಚಳ್ಳಕೆರೆ ಹತ್ತಿರದ ಖುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆ ಈಗ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಯಂಥವಕ್ಕೆ ಸೇರಿದೆ. ದೇಶಕ್ಕೆ ಆ ಸಂಸ್ಥೆಗಳು ಬೇಕು. ಆದರೆ ಕಡತದಲ್ಲಿ ಖಾಲಿ ಜಾಗ ಅಂತ ಕಾಣುವ ಹುಲ್ಲುಗಾವಲು ಸುತ್ತಲಿನ ಹಳ್ಳಿಗಳ ಕುರಿ, ದನಗಳ ಹೊಟ್ಟೆ. ಅದಕ್ಕೆ ಬೆಲೆ ಕಟ್ಟದೆ ಬೇಲಿ ಹಾಕಿದ್ದು ತಪ್ಪು.

ಬೇಸಾಯ ಇಲ್ಲಿ ಗಟ್ಟಿಯಾಗಿ ನಿಂತದ್ದು ಕೆರೆಗಳಿಂದ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು ಅಂತಲೇ ಜನರ ನೆನಪಿನಲ್ಲಿದ್ದಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವ ಅವರ ಮಾತು ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಕೆರೆಯ ಕೆಲಸ ನೀರು ತುಂಬಿಕೊಂಡು ಗದ್ದೆಗೆ ಬಿಡುವುದಷ್ಟೇ ಅಲ್ಲ. ಏರಿಯ ಕೆಳಗಿನ ಮೆತ್ತನೆಯ ಪದರಕ್ಕೆ ವರ್ಷವಿಡೀ ಜಿನುಗಿಸುವುದು ದೊಡ್ಡ ಕೆಲಸ. ತೆರೆದ ಬಾವಿಗಳು, ಹಳ್ಳದ ತಲಪರಿಗೆಗಳು ಅಂದರೆ ಒರತೆಗಳು ಬದುಕಿದ್ದು ಆ ಜಿನುಗಿನಿಂದ.

ದೊಡ್ಡ ಅಣೆಕಟ್ಟಿನ ಕಥೆ ಬೇರೆ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ! ನಡುವೆ 89 ವರ್ಷ. ಹಿರಿಯೂರಿಗೆ ಅದು ಅನ್ನ ಕೊಟ್ಟಿದೆ, ನಿಜ. ಆದರೆ ಬಯಲಿನ ಹೆಚ್ಚಿನ ಊರುಗಳು ಅದರ ಕಾಲುವೆಗೆ ಸಿಗುವುದಿಲ್ಲ.

ಬೋರ್‌ವೆಲ್ ಬಂದದ್ದು ಇದೆಲ್ಲದರ ನಂತರ. ಕೆರೆಯ ಹಂಗಿಲ್ಲದೆ ದಿಣ್ಣೆಯ ಮೇಲೂ ಮನೆ, ತೋಟ ಸಾಧ್ಯವಾಯಿತು. ಸಜ್ಜೆ, ನವಣೆ, ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ ಶೇಂಗಾ ಬಂದು, ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರಾಗಿತ್ತು. ಶೇಂಗಾ ಮಳೆಯನ್ನೇ ನಂಬಿದ ಬೆಳೆ. ಬೋರ್ ನಂಬಿ ಹಾಕಿದ ದಾಳಿಂಬೆ, ಅಡಿಕೆ ಹಾಗಲ್ಲ, ಬೇಸಿಗೆಯಲ್ಲೂ ನೀರು ಕೇಳುತ್ತವೆ. ಮೇಲಿನ ಪದರ ಖಾಲಿಯಾಯಿತು, ತೆರೆದ ಬಾವಿ ಒಣಗಿತು, ರಿಗ್ ಲಾರಿ 500 ಅಡಿ ದಾಟಿ ಬಂಡೆಯ ಬಿರುಕು ಹುಡುಕತೊಡಗಿತು. ಅಲ್ಲಿನದು ಬಹಳ ಕಾಲ ಕಲ್ಲಿನ ಸಂದಿನಲ್ಲೇ ನಿಂತ ನೀರು. ಎಷ್ಟೋ ಕಡೆ ಅದರಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಕಂದು ಕಲೆಯಲ್ಲಿ ಅದು ಕಾಣುತ್ತದೆ. ಆ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ ಅಂತ ಹೋದ ಕಡೆಯೆಲ್ಲ ಕೈಮುಗಿದು ಹೇಳುತ್ತೇನೆ.

ಭದ್ರಾ ನದಿಯ ನೀರನ್ನು ಈ ಕಡೆ ತರುವ ಭದ್ರಾ ಮೇಲ್ದಂಡೆ ಯೋಜನೆ ಮುಗಿದರೆ 367 ಕೆರೆಗಳಿಗೆ ನೀರು ತುಂಬಿಸುವ ಲೆಕ್ಕವಿದೆ. ಯಾವ ಕೆರೆಗೆ ಮೊದಲು ಅಂತ ನನ್ನನ್ನು ಕೇಳಿದರೆ, ಏರಿಯ ಕೆಳಗೆ ಹಳೇ ತೆರೆದ ಬಾವಿಗಳು ಜಾಸ್ತಿ ಇರುವ ಕೆರೆಗಳಿಗೆ ಅನ್ನುತ್ತೇನೆ. ಕೈಯಲ್ಲಿ ಅಗೆದ ಬಾವಿ ಅಷ್ಟು ಆಳಕ್ಕೆ ಇಳಿದಿದೆ ಅಂದರೆ ಅಲ್ಲಿ ಮೆತ್ತನೆಯ ಪದರ ದಪ್ಪವಿದೆ ಅಂತ ಅರ್ಥ. ತುಂಬಿಸಿದ ನೀರು ಅಲ್ಲಿ ಆವಿಯಾಗಿ ಹೋಗುವ ಮೊದಲು ನೆಲಕ್ಕೆ ಇಳಿಯುತ್ತದೆ. ಊರಿನವರು ಈಗಲೇ ಮಾಡಬಹುದಾದ ಕೆಲಸವೂ ಇದೆ. ಹಾಳುಬಿದ್ದ ಅಂಥ ಬಾವಿಗಳಿಗೆ ಕಸ ಸುರಿಯುವುದನ್ನು ನಿಲ್ಲಿಸಿ, ಒಂದೊಂದರ ಆಳವನ್ನೂ ಹಗ್ಗ ಇಳಿಬಿಟ್ಟು ಅಳೆದು, ಪಂಚಾಯಿತಿಯಲ್ಲಿ ಬರೆಸಿಡಿ.