ಜ್ವರ ಬಿಟ್ಟಿತು, ಗಂಟುನೋವು ಬಿಡಲಿಲ್ಲ

"ಡಾಕ್ಟ್ರೇ, ಜ್ವರ ಬಿಟ್ಟು ಒಂದು ತಿಂಗಳಾಯ್ತು. ಬೆಳಗ್ಗೆ ಎದ್ದರೆ ಬೆರಳು ಮಡಚೋಕೇ ಆಗಲ್ಲ. ನೂಪುಟ್ಟು ಒತ್ತೋದನ್ನ ಬಿಟ್ಟೇಬಿಟ್ಟೆ."

ಮಳೆ ಇಳಿದು ಕಾಫಿ ಹಣ್ಣಾಗುವ ಹೊತ್ತಿಗೆ ಇಂಥ ಮಾತು ನನ್ನ ಕ್ಲಿನಿಕ್ಕಿನಲ್ಲಿ ಕೇಳಿಸುತ್ತದೆ. ಈ ಹೆಂಗಸಿಗೆ ಬಂದದ್ದು ಚಿಕೂನ್‌ಗುನ್ಯಾ. ಕೈಯಲ್ಲಿ ಲ್ಯಾಬ್ ರಿಪೋರ್ಟು: ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಸಂಧಿವಾತದ ಸುಳಿವು ಹುಡುಕುವ ರಕ್ತಪರೀಕ್ಷೆ) ಪಾಸಿಟಿವ್. ಇನ್ನು ಸಾಯೋ ತನಕ ಮಾತ್ರೆ ಎಂದು ಯಾರೋ ಹೆದರಿಸಿಯೂ ಆಗಿತ್ತು.

ವೈರಸ್ ಹೋದ ಮೇಲೂ ನೋವು ಯಾಕೆ? ತೋಟದ ಕಾವಲು ನಾಯಿಯನ್ನು ನೆನೆಸಿಕೊಳ್ಳಿ. ಕಪ್ಪು ಕಂಬಳಿ ಹೊದ್ದ ಕಳ್ಳನನ್ನು ರಾತ್ರಿ ಅಟ್ಟಿಸಿಕೊಂಡು ಹೋಗಿದೆ. ಮರುದಿನ ಮಳೆಯಲ್ಲಿ ಯಜಮಾನರೇ ಕಂಬಳಿ ಹೊದ್ದು ಬಂದರೆ ಅವರಿಗೂ ಬಾಯಿ ಹಾಕುತ್ತದೆ. ನಮ್ಮ ರೋಗನಿರೋಧಕ ಶಕ್ತಿಯೂ ಹೀಗೆ ಎಡವಬಹುದು. ವೈರಸ್ಸಿನ ಪ್ರೋಟೀನಿನ ಒಂದು ತುಣುಕು ನಮ್ಮದೇ ಪ್ರೋಟೀನನ್ನು ಹೋಲುತ್ತಿದ್ದರೆ, ವೈರಸ್ಸಿಗೆಂದು ತಯಾರಾದ ಅಸ್ತ್ರ ನಮ್ಮ ಮೇಲೇ ತಿರುಗಬಹುದು. ಇದೊಂದೇ ದಾರಿಯಲ್ಲ. ಚಿಕೂನ್‌ಗುನ್ಯಾದಲ್ಲಿ ವೈರಸ್ಸಿನ ಚೂರುಪಾರು ಕೀಲಿನಲ್ಲೇ ಉಳಿದು ಊತ ಕೆದಕುತ್ತಿರಬಹುದು ಎಂಬ ವಾದವೂ ಇದೆ.

ವೈರಸ್ಸಿಗೂ ದೇಹ ತನ್ನ ಮೇಲೇ ತಿರುಗಿ ಬೀಳುವುದಕ್ಕೂ ಇರುವ ನಂಟಿಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಬೇರೆ ಕಾಯಿಲೆಯಲ್ಲಿ. 2022ರಲ್ಲಿ ಅಮೆರಿಕದ 1 ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿದ ಅಧ್ಯಯನ ಬಂತು. ಎಪ್‌ಸ್ಟೈನ್-ಬಾರ್ ವೈರಸ್ ತಗುಲಿದವರಲ್ಲಿ, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುವ ಅಪಾಯ 32 ಪಟ್ಟು ಹೆಚ್ಚಿತ್ತು. ಆದರೆ ದೊಡ್ಡವರಾಗುವಷ್ಟರಲ್ಲಿ ಈ ವೈರಸ್ ಹೆಚ್ಚುಕಮ್ಮಿ ಎಲ್ಲರಿಗೂ ತಗುಲಿರುತ್ತದೆ. ಕಾಯಿಲೆ ಬೀಳುವವರು ಬೆರಳೆಣಿಕೆ. ವೈರಸ್ ಕಿಡಿ ಇದ್ದ ಹಾಗೆ, ಹತ್ತಿಕೊಳ್ಳಲು ಒಣ ಸೌದೆಯೂ ಬೇಕಲ್ವಾ? ದೇಹ ತನ್ನದೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತದಲ್ಲಿ ಆ ಸೌದೆ ಎಂದರೆ ಹುಟ್ಟಿನಿಂದ ಬಂದ ಜೀನು, ಬೀಡಿ ಸಿಗರೇಟು. ಹೆಂಗಸರಿಗೆ ಈ ಕಾಯಿಲೆ ಎರಡು ಮೂರು ಪಟ್ಟು ಜಾಸ್ತಿ.

ಇನ್ನು ಆ ರಿಪೋರ್ಟು. ವೈರಲ್ ಜ್ವರದ ನಂತರ ಆರ್‌ಎ ಫ್ಯಾಕ್ಟರ್ ಕೆಲ ಕಾಲ ಸುಮ್ನೆ ಪಾಸಿಟಿವ್ ಬರಬಹುದು. ಅದೊಂದನ್ನೇ ನಂಬಿ ಹಣೆಪಟ್ಟಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಅದೇ ಸಂಧಿವಾತಕ್ಕೆ ಮಾಡುವ ಆ್ಯಂಟಿ-ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಇನ್ನಷ್ಟು ನಂಬಿಕೆಗೆ ತಕ್ಕದ್ದು. ಅದಕ್ಕೂ ಮೊದಲು ನಾನು ಕೇಳುವುದು: ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ? ಗೆಣ್ಣು ಊದಿದೆಯೇ, ಅಥವಾ ಬರೀ ನೋವೇ? ಒಂದು ಗಂಟೆ ಬಿಗಿತ, ಊತ, ಅದೂ ಆರು ವಾರ ದಾಟಿದ್ದರೆ ಕೀಲುರೋಗ ತಜ್ಞರನ್ನು ಕಾಣಲೇಬೇಕು. ಸಂಧಿವಾತವೇ ಆಗಿದ್ದು ತಡಮಾಡಿದರೆ ಮೂಳೆ ಸವೆಯುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ.

ಅಲ್ಲಿ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ನೆನಪಿಡಿ, ಅದು ವಾರಕ್ಕೊಮ್ಮೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಾಗೆಯೇ, ಜ್ವರ ಇರುವಾಗ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡುವುದು ಒಂದೇ ಜಾತಿಯ ಸೊಳ್ಳೆಗಳು. ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ ಬಿದ್ದ ತೆಂಗಿನ ಚಿಪ್ಪು, ಅಡಿಕೆ ಹಾಳೆಯಲ್ಲಿ ನಿಂತ ನೀರು ಅವಕ್ಕೆ ಸಾಕು.

ಆ ಹೆಂಗಸಿನ ಆ್ಯಂಟಿ-ಸಿಸಿಪಿ ನೆಗೆಟಿವ್ ಬಂತು. ನಾಲ್ಕನೇ ತಿಂಗಳಿಗೆ ಊತ ಇಳಿಯಿತು. ಕಾಫಿ ಕುಯ್ಯಲು ಹೋಗುತ್ತಿದ್ದಾರೆ, ಆದರೆ ಬೆಳಗ್ಗೆ ಬಿಸಿನೀರಲ್ಲಿ ಕೈ ಅದ್ದಿಕೊಂಡೇ.