ಅಕ್ಕಿ ಇದೆ, ಅದನ್ನು ಬೇಯಿಸಲು ನೀರು?

ಆಹಾರ ಸುರಕ್ಷತೆ ನನ್ನ ಕೆಲಸ. ತುರ್ತಿಗೆ ಅಂತ ಕೂಡಿಟ್ಟ ಸಾಮಾನನ್ನು ಒಮ್ಮೆ ನೋಡಿ ಹೇಳಿ ಎಂದು ಎಷ್ಟೋ ಜನ ಮನೆಗೆ ಕರೆಯುತ್ತಾರೆ. ಹೋದ ತಕ್ಷಣ ನಾನು ಕೇಳುವುದು ಒಂದೇ: ನೀರು ಎಲ್ಲಿಟ್ಟಿದ್ದೀರಿ? ಹೆಚ್ಚಿನ ಮನೆಗಳಲ್ಲಿ ಉತ್ತರ ಬರಲು ಸ್ವಲ್ಪ ಹೊತ್ತಾಗುತ್ತದೆ. ಕಪಾಟಿನ ತುಂಬ ಅಕ್ಕಿ, ಬೇಳೆ, ಕಾಳು. ಮೂಲೆಯಲ್ಲಿ ನಾಲ್ಕೈದು ಬಾಟಲಿ ನೀರು. ಆ ಅಕ್ಕಿ, ಕಾಳನ್ನು ತೊಳೆದು, ನೆನೆಸಿ, ಬೇಯಿಸುವಷ್ಟರಲ್ಲೇ ಬಾಟಲಿಗಳು ಖಾಲಿ. ಆಮೇಲೆ ಕುಡಿಯುವುದು ಏನನ್ನು?

ಲೆಕ್ಕ ಕಷ್ಟದ್ದಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ಅದರಲ್ಲಿ ಅರ್ಧ ಕುಡಿಯಲು, ಉಳಿದದ್ದು ಅಡುಗೆಗೆ, ಹಲ್ಲುಜ್ಜಲು, ಕೈ ತೊಳೆಯಲು. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 48 ಲೀಟರ್ ಆಯಿತು. ಎರಡು ವಾರಕ್ಕೆ 224 ಲೀಟರ್, ಅಂದರೆ 224 ಕಿಲೋ ಭಾರ. ಮೊದಲು ಮೂರು ದಿನದ್ದನ್ನು ಸರಿಯಾಗಿ ಮಾಡಿ, ಆಮೇಲೆ ನಿಧಾನವಾಗಿ ಎರಡು ವಾರಕ್ಕೆ ಏರಿಸಿ. ಹಾಲೂಡಿಸುವ ತಾಯಿ, ಕಾಯಿಲೆಯವರು ಇದ್ದರೆ, ಸೆಕೆ ಜಾಸ್ತಿ ಇದ್ದರೆ ಇನ್ನಷ್ಟು ಬೇಕು. ಪುಡಿ ಹಾಲು ಕುಡಿಯುವ ಮಗುವಿದ್ದರೆ ಅದನ್ನು ಕಲಸಲು, ಬಾಟಲಿ ತೊಳೆಯಲು ಬೇರೆಯೇ ನೀರಿಡಿ.

ಎಲ್ಲವನ್ನೂ ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಿಡುವುದು ನನಗೆ ಇಷ್ಟವಿಲ್ಲ. ಅದು ಸೋರಿದರೆ ಎಲ್ಲವೂ ಹೋಯಿತು. ಒಳಗೆ ಪಾತ್ರೆ ಅದ್ದಿದರೆ ಎಲ್ಲವೂ ಕೊಳಕು. 10 ಲೀಟರಿನ ಕ್ಯಾನ್‌ಗಳಾದರೆ ಮನೆಯ ಹೆಚ್ಚಿನವರು ಎತ್ತಬಹುದು, ಎರಡು ಮೂರು ಕಡೆ ಹಂಚಿಡಬಹುದು. ಆಹಾರಕ್ಕೆಂದೇ ಮಾಡಿದ, ಬಾಯಿ ಕಿರಿದಾದ, ಮುಚ್ಚಳ ಬಿಗಿಯಾದ ಕ್ಯಾನ್ ಇರಲಿ. ಹಾಲಿನ, ಹಣ್ಣಿನ ರಸದ ಹಳೆ ಬಾಟಲಿ ಬೇಡ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿಗೆ ಅಂಟಿದ ಸಕ್ಕರೆ, ಪ್ರೋಟೀನ್ ಪೂರ್ತಿ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಅದನ್ನೇ ತಿಂದು ಬೆಳೆಯುತ್ತವೆ. ರಾಸಾಯನಿಕ ತುಂಬಿದ್ದ ಕ್ಯಾನಿನ ಮಾತೇ ಬೇಡ. ಪೆಟ್ರೋಲು, ಸೀಮೆಎಣ್ಣೆ, ಕೀಟನಾಶಕದ ಪಕ್ಕದಲ್ಲಿ ನೀರಿಡಬೇಡಿ. ಅವುಗಳ ಆವಿ ಪ್ಲಾಸ್ಟಿಕ್ಕಿನೊಳಕ್ಕೆ ಇಳಿಯುತ್ತದೆ. ತುಂಬಿದ ತಾರೀಕು ಬರೆದು, ಆರು ತಿಂಗಳಿಗೊಮ್ಮೆ ಬದಲಾಯಿಸಿ. ಹಳೆಯದನ್ನು ಸುಮ್ನೆ ಚೆಲ್ಲಬೇಕಿಲ್ಲ, ಗಿಡಕ್ಕೆ ಹಾಕಿ, ನೆಲ ಒರೆಸಿ.

ನೀರಿನ ಮೇಲೆ ಅನುಮಾನ ಬಂದರೆ ಬಟ್ಟೆಯಲ್ಲಿ ಸೋಸಿ ಕುದಿಸಿ. ಚೆನ್ನಾಗಿ ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೆ. ಉರುವಲು ಇಲ್ಲದಿದ್ದರೆ ವಾಸನೆ, ಬಣ್ಣ ಬೆರೆಸದ ಸಾದಾ ದ್ರವ ಬ್ಲೀಚ್ (ಸೋಡಿಯಂ ಹೈಪೋಕ್ಲೋರೈಟ್ 5ರಿಂದ 6 ಶೇಕಡಾ ಇರುವುದು), ಲೀಟರಿಗೆ ಎರಡು ಹನಿ. ಕಲಕಿ ಅರ್ಧ ಗಂಟೆ ಬಿಡಿ. ನೀರು ಮಬ್ಬಾಗಿದ್ದರೆ ನಾಲ್ಕು ಹನಿ. ಬ್ಲೀಚ್ ಹಳೆಯದಾದಂತೆ ಕಸುವು ಕಳೆದುಕೊಳ್ಳುತ್ತದೆ, ಅದರ ತಾರೀಕನ್ನೂ ನೋಡಿ. ಒಂದು ಮಾತು ಮರೆಯಬೇಡಿ: ಇಂಧನವೋ ಕೀಟನಾಶಕವೋ ಬೆರೆತ ನೀರನ್ನು ಕುದಿಸಿದರೂ ಬ್ಲೀಚ್ ಹಾಕಿದರೂ ಸರಿಹೋಗುವುದಿಲ್ಲ.

ಇನ್ನು ಆಹಾರ. ದಿನಾ ತಿನ್ನುವುದನ್ನೇ ಕೂಡಿಡಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಒಂದು ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆಂದು ವಿಶೇಷ ಪೊಟ್ಟಣಗಳನ್ನು ತಂದಿಟ್ಟಿದ್ದರು. ಒಂದನ್ನು ಬಿಚ್ಚಿ ಬೇಯಿಸಿ ನೋಡೋಣ ಎಂದೆ. ಚಿಕ್ಕ ಮಗು ಬಾಯಿಗೇ ಇಡಲಿಲ್ಲ, ಅಜ್ಜಿಗೆ ಅದರ ಉಪ್ಪು ಆಗುವಂತಿರಲಿಲ್ಲ. ಕಷ್ಟದ ದಿನದಲ್ಲಿ ಹೊಸ ರುಚಿ ಯಾರಿಗೂ ಬೇಡ, ಅಲ್ವಾ? ಉಪ್ಪು ಜಾಸ್ತಿ ಇದ್ದರೆ ಬಾಯಾರಿಕೆಯೂ ಜಾಸ್ತಿ. ಹೊಸದನ್ನು ಹಿಂದೆ ಇಟ್ಟು ಮುಂದಿನದನ್ನು ಅಡುಗೆಗೆ ತೆಗೆದುಕೊಳ್ಳುತ್ತಾ ಹೋದರೆ ಯಾವುದೂ ಹಳೆಯದಾಗುವುದಿಲ್ಲ.

ಕೂಡಿಟ್ಟ ಧಾನ್ಯಕ್ಕೆ ಶತ್ರುಗಳು ಬಿಸಿ, ತೇವ, ಗಾಳಿ, ಬೆಳಕು, ಹುಳ. ಬಿಳಿ ಅಕ್ಕಿ ಗಾಳಿಯಾಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಪಾಲಿಶ್ ಮಾಡದ ಕಂದು ಅಕ್ಕಿಯ ಹೊರಪದರದಲ್ಲಿ ಎಣ್ಣೆಯಂಶ ಇರುತ್ತದೆ. ಆರು ತಿಂಗಳಾಗುತ್ತಿದ್ದಂತೆ ಕಮಟು ವಾಸನೆ ಬರಬಹುದು. ದಿನಬಳಕೆಗೆ ಅದು ಒಳ್ಳೆಯದೇ, ದಾಸ್ತಾನಿಗೆ ಅಲ್ಲ. ಅಂಗಡಿಯಿಂದ ತಂದ ಧಾನ್ಯದಲ್ಲಿ ಕಣ್ಣಿಗೆ ಕಾಣದ ಹುಳದ ಮೊಟ್ಟೆಗಳು ಇರಬಹುದು. ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಸಾಯುತ್ತವೆ. ಹೊರತೆಗೆದ ಮೇಲೆ ಪೂರ್ತಿ ಮಾಮೂಲಿ ಬಿಸಿಗೆ ಬರುವ ತನಕ ಕಟ್ಟು ಬಿಚ್ಚಬೇಡಿ, ಬಿಚ್ಚಿದರೆ ತೇವ ಒಳಗೆ ಸೇರುತ್ತದೆ. ಆಮ್ಲಜನಕ ಹೀರುವ ಸಣ್ಣ ಪೊಟ್ಟಣಗಳನ್ನು ಈಗ ತುಂಬ ಜನ ಡಬ್ಬಿಗೆ ಹಾಕುತ್ತಾರೆ. ಪೂರ್ತಿ ಒಣಗಿದ್ದಕ್ಕೆ ಮಾತ್ರ ಹಾಕಿ. ತೇವ ಉಳಿದ ಪದಾರ್ಥದಲ್ಲಿ ಗಾಳಿಯಿಲ್ಲದ ಕಡೆಯೇ ಬೊಟುಲಿಸಂ ಎಂಬ, ಜೀವಕ್ಕೇ ಅಪಾಯವಾಗುವ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ವಿಷಕ್ಕೆ ಬಣ್ಣ, ವಾಸನೆ ಏನೂ ಇರಬೇಕೆಂದಿಲ್ಲ. ಉಬ್ಬಿದ, ಸೋರುವ ಟಿನ್ನುಗಳನ್ನು ರುಚಿ ನೋಡಲೂ ಹೋಗಬೇಡಿ, ನೇರ ಎಸೆಯಿರಿ.

ಕರೆಂಟು ಹೋದಾಗ ಮೊದಲು ಫ್ರಿಜ್ಜಿನದ್ದು ತಿನ್ನಿ. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ತುಂಬಿದ ಫ್ರೀಜರಾದರೆ 48 ಗಂಟೆ, ಅರ್ಧ ತುಂಬಿದ್ದರೆ 24. ಕೂಡಿಟ್ಟದ್ದಕ್ಕೆ ಕೈ ಹಾಕುವುದು ಆಮೇಲೆ. ಬೇಯಿಸದೆ ತಿನ್ನುವಂಥದ್ದು ಒಂದೆರಡು ದಿನಕ್ಕಾದರೂ ಇರಲಿ. ಟಿನ್ ಇದ್ದರೆ ಅದನ್ನು ಕೈಯಲ್ಲೇ ತೆರೆಯುವ ಸಾಧನವೂ ಇರಲಿ. ಇದ್ದಿಲ ಒಲೆ, ಜನರೇಟರನ್ನು ಮನೆಯೊಳಗೆ ಹಚ್ಚಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಮಲಗಿದವರನ್ನು ಏಳಲು ಬಿಡುವುದಿಲ್ಲ.

ನೀರು ಕಡಿಮೆ ಆಗುತ್ತಿದೆ ಎಂದು ಬಾಯಾರಿದವರಿಗೆ ಗುಟುಕು ಗುಟುಕಾಗಿ ಅಳೆದು ಕೊಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಇವತ್ತಿಗೆ ಬೇಕಾದಷ್ಟು ಇವತ್ತೇ ಕುಡಿಯಲಿ. ಓಡಾಟ ಕಡಿಮೆ ಮಾಡಿ, ನೆರಳಲ್ಲಿರಿ, ನಾಳೆಯ ನೀರನ್ನು ಹುಡುಕಿ. ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕುಡಿಸಿ. ಈ ಅಳತೆಯನ್ನು ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ.

ಇಷ್ಟಾದ ಮೇಲೆ ಒಂದು ರಜೆಯ ದಿನ ನಲ್ಲಿಯ ವಾಲ್ವ್ ಮುಚ್ಚಿ, ಒಲೆ ಆರಿಸಿ, ಇಡೀ ದಿನ ದಾಸ್ತಾನಿನಲ್ಲೇ ಕಳೆಯಿರಿ. ನಾವು ಹೀಗೆ ಮಾಡಿದಾಗ ಮಧ್ಯಾಹ್ನದ ಹೊತ್ತಿಗೇ ಪಾತ್ರೆ ತೊಳೆಯುವ ನೀರು ಕೈಕೊಟ್ಟಿತ್ತು. ಮಾರನೇ ವಾರ ಇನ್ನೆರಡು ಕ್ಯಾನ್ ತುಂಬಿಟ್ಟೆವು, ತೊಳೆಯದೆ ಎಸೆಯಬಹುದಾದ ತಟ್ಟೆಗಳ ಒಂದು ಕಟ್ಟನ್ನೂ ಸೇರಿಸಿದೆವು.